ದೀನಮ್ಮನವರ ಕೂಲಿ

ಕೆಲಸ ಮಾಡಿದವಳೇ ಕೂಲಿಯನ್ನು ಈಸಿಕೊಳ್ಳದೆ ಹೋದರೆ ಆ ಕೂಲಿ ಎಲ್ಲಿಗೆ ಹೋಗುತ್ತದೆ?

ದೀನಮ್ಮನವರು ಇದನ್ನು ನನ್ನನ್ನು ಕೇಳಿದ್ದು ಚಿಕ್ಕಜಾಜೂರು ನಿಲ್ದಾಣದಲ್ಲಿ, ಖಾಲಿಯಿದ್ದ ಸಿಮೆಂಟು ಬೆಂಚಿನ ಪಕ್ಕ ನಿಂತುಕೊಂಡು. ಕೂರುವುದು ಅವರಿಗೆ ಆಗುತ್ತಿರಲಿಲ್ಲ. ನಿಂತಲ್ಲಿಯೂ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುತ್ತ, ಹೆಗಲಿನ ಚೀಲವನ್ನು ಅತ್ತಿಂದಿತ್ತ ಹಾಕಿಕೊಳ್ಳುತ್ತ ಇರುತ್ತಿದ್ದರು. ನಾನು ರೈಲ್ವೆಯ ಸಿಗ್ನಲ್ ವಿಭಾಗದ ನೌಕರ. ಬಿಡುವಿನಲ್ಲಿ ವಿಜ್ಞಾನದ ಪುಸ್ತಕಗಳನ್ನು ಓದುವವನೆಂದು ಅವರಿಗೆ ಗೊತ್ತಿತ್ತು. ಕಾದ ನೀರು ಆರಿದಾಗ ಅದರ ಬಿಸಿ ಎಲ್ಲಿ ಹೋಯಿತೆಂದು ಕೇಳಿದ್ದರೆ ಹೇಳುತ್ತಿದ್ದೆ. ಆದರೆ ಅವರು ಕೇಳುತ್ತಿದ್ದುದು ಪರಲೋಕದಲ್ಲಿ ಸಿಗುವ ಕೂಲಿಯನ್ನು ಕುರಿತು. ಅಂಥದೊಂದು ಇದೆಯೆಂಬುದನ್ನೇ ಒಪ್ಪದ ನಾನು ಗೊತ್ತಿಲ್ಲವೆಂದೆ.

"ನಿಮ್ಮ ಅಷ್ಟು ಪುಸ್ತಕದಾಗೂ ಇಲ್ವಾ ಪರಮೇಶಪ್ಪ?" ಎಂದರು. ವ್ಯಂಗ್ಯವೇನೂ ಇರಲಿಲ್ಲ, ನಿಜವಾಗಿಯೂ ನಿರಾಶೆಯಾದಂತಿತ್ತು.

ಅವರು ನಮ್ಮ ಮನೆಗೆ ಮೊದಲು ಬಂದದ್ದು ನನ್ನ ತಾಯಿ ಏಕಾಂತಮ್ಮನಿಗೆ ಪಾರ್ಶ್ವವಾಯು ಹೊಡೆದ ವರ್ಷ. ಹೊಳಲ್ಕೆರೆಯ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿ ದುಡಿದು ಬಿಟ್ಟಿದ್ದ ಅವರು, ಹಾಸಿಗೆ ಹಿಡಿದವರಿರುವ ಮನೆಗಳಿಗೆ ತಾವಾಗಿಯೇ ಹೋಗುತ್ತಿದ್ದರು. ಮೈ ಒರೆಸುವುದು, ಮಗ್ಗುಲು ಹೊರಳಿಸುವುದು, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ತೊಳೆಯುವುದು, ಉಗುರು ಕತ್ತರಿಸುವುದು. ಚೀಲದಲ್ಲಿ ಹಳೆಯ ಹತ್ತಿ ಸೀರೆಯನ್ನು ಹರಿದು, ಕುದಿಸಿ, ಒಣಗಿಸಿದ ತುಂಡುಗಳಿರುತ್ತಿದ್ದವು. ಬರುತ್ತಿದ್ದುದು ಹಿತ್ತಲ ಬಾಗಿಲಿನಿಂದ. ಮನೆಯ ಗಂಡಸರು ಕೆಲಸದಿಂದ ಹಿಂತಿರುಗುವ ಮೊದಲೇ ಹೊರಟುಬಿಡುತ್ತಿದ್ದರು. ದುಡ್ಡಿನ ಮಾತು ಹಾಗಿರಲಿ, ಕಾಫಿಯನ್ನೂ ಕುಡಿಯುತ್ತಿರಲಿಲ್ಲ.

ಮಾತು ತೊದಲುತ್ತಿದ್ದರೂ ನನ್ನ ತಾಯಿಯ ನಾಲಿಗೆಯ ಮೊನೆ ಮೊಂಡಾಗಿರಲಿಲ್ಲ. "ಒಂದು ಲೋಟ ಕಾಫಿ ಕುಡುದ್ರೆ ಅಷ್ಟುಕ್ಕೂ ಮೇಲೆ ಕೊಡೋ ಕಿರೀಟದಾಗೆ ಮುರ್ಕಂತಾನೇನೇ ನಿಮ್ಮ ದೇವ್ರು?" ಎಂದು ಕೆಣಕಿದಳು.

"ಮುರ್ಕಂಬಹುದು ಕಣಮ್ಮ. ಯಾಕೆ ಬೇಕು ಆ ಪಜೀತಿ?" ಎಂದರು ದೀನಮ್ಮನವರು, ತಾವು ತೊಳೆಯುತ್ತಿದ್ದ ಅವಳ ಬೆನ್ನಿನ ಹುಣ್ಣಿನಿಂದ ಕಣ್ಣು ಎತ್ತದೆ.

ಅವರ ನಂಬಿಕೆ ಸರಳವಾಗಿತ್ತು, ಕಠಿಣವೂ ಆಗಿತ್ತು. ರೈಲ್ವೆ ಕ್ವಾರ್ಟರ್ಸಿನ ಹಿಂದೆ, ತಗಡಿನ ಶೀಟು ಹೊದಿಸಿದ ಪುಟ್ಟ ಪ್ರಾರ್ಥನಾಲಯದಲ್ಲಿ ಸಭಾಪಾಲಕರು ಬೋಧಿಸಿದ್ದರಂತೆ: ಗುಟ್ಟಾಗಿ ಮಾಡಿದ ಸೇವೆಗೆ ತಂದೆಯಾದ ದೇವರು ಪರಲೋಕದಲ್ಲಿ ಪ್ರತಿಫಲ ಕೊಡುತ್ತಾನೆ, ಜನರ ಹೊಗಳಿಕೆಯನ್ನು ಪಡೆದವರಿಗೆ ಅವರ ಕೂಲಿ ಇಲ್ಲಿಯೇ ಸಂದುಹೋಯಿತು. ಹಾಗಾದರೆ ನಿಮ್ಮದು ಸೇವೆಯಲ್ಲ, ವ್ಯಾಪಾರವೆಂದು ನಾನೊಮ್ಮೆ ಅಂದೆ. ಅವರಿಗೆ ನೋವಾಗಲಿಲ್ಲ. ಹೌದು, ಕೂಲಿಗೇ ಮಾಡುತ್ತಿದ್ದೇನೆ, ಕೂಲಿ ಬೇಡವೆನ್ನುವುದಕ್ಕೆ ನಾನು ಅಷ್ಟು ದೊಡ್ಡವಳಲ್ಲವೆಂದರು. ಇಷ್ಟು ನೇರವಾಗಿ ಒಪ್ಪಿಕೊಳ್ಳುವವರ ಮುಂದೆ ವಾದ ಬೆಳೆಯುವುದಿಲ್ಲ.

ಇಷ್ಟು ಅವಸರವಾಗಿ ಕೂಡಿಡುವಂಥದು ಏನಿದೆಯೆಂದು ನನಗೆ ತಿಳಿದದ್ದು ತಾಯಿಯ ಮೂಲಕ. ದೀನಮ್ಮನವರ ಗಂಡ ಸತ್ಯಮಿತ್ರ ಇದೇ ನಿಲ್ದಾಣದ ಗೂಡ್ಸ್ ಶೆಡ್ಡಿನಲ್ಲಿ ಹಮಾಲಿಯಾಗಿದ್ದವನು. ದುಡಿದದ್ದನ್ನೆಲ್ಲ ಕುಡಿದ. ಯಾರಿಗೂ ಒಂದು ಒಳ್ಳೆಯದು ಮಾಡಿದವನಲ್ಲ, ಕೆಟ್ಟದ್ದನ್ನೂ ಹೆಚ್ಚು ಮಾಡಲಾರದಷ್ಟು ಕುಡಿಯುತ್ತಿದ್ದ ಎಂದು ನನ್ನ ತಾಯಿ ಅವನನ್ನು ಬಣ್ಣಿಸುತ್ತಿದ್ದಳು. ಲಿವರ್ ಕೆಟ್ಟು ಮಲಗಿದಾಗ ಅವನಿಗೆ ನಂಬಿಕೆ ಹುಟ್ಟಿತು, ಪಶ್ಚಾತ್ತಾಪಪಟ್ಟ, ಪ್ರಾರ್ಥಿಸಿದ. ಅವನು ಪರಲೋಕಕ್ಕೆ ಸೇರುವುದರಲ್ಲಿ ಅನುಮಾನವಿಲ್ಲವೆಂದು ಸಭಾಪಾಲಕರು ಧೈರ್ಯ ಹೇಳಿದರು. ಆದರೆ ಪ್ರವೇಶ ಬೇರೆ, ಪ್ರತಿಫಲ ಬೇರೆ. ಸೇವೆಯನ್ನೇ ಮಾಡದವನು, ಬೆಂಕಿ ಬಿದ್ದ ಮನೆಯಿಂದ ಉಟ್ಟ ಬಟ್ಟೆಯಲ್ಲಿ ಓಡಿಬಂದವನಂತೆ, ಒಳಗೆ ಬರುತ್ತಾನೆ. ಕೈಯಲ್ಲಿ ಏನೂ ಇರುವುದಿಲ್ಲ. ಸಾಯುವ ಮುನ್ನ ಅವನು ತನ್ನ ಎರಡೂ ಅಂಗೈಗಳನ್ನು ಹೆಂಡತಿಗೆ ತೋರಿಸಿ "ಖಾಲಿ ಕಣೇ ದೀನಾ" ಎಂದನಂತೆ. ಅವನನ್ನು ಮಣ್ಣು ಮಾಡಿದ ಮೇಲೆಯೇ ಅವರು ಮನೆಮನೆಗೆ ಹೋಗತೊಡಗಿದ್ದು. ಗಂಡನ ಗತಿಯನ್ನು ಕಂಡು ತನಗೂ ಹಾಗಾದೀತೆಂದು ಹೆದರಿದ್ದಾರೆ ಎಂದು ನಾನು ಅರ್ಥ ಮಾಡಿಕೊಂಡೆ.

ನನ್ನ ತಾಯಿ ತೀರಿಕೊಂಡ ಮರುವರ್ಷ ರಾಜ್ಯೋತ್ಸವದ ಸಮಿತಿಯವರು ದೀನಮ್ಮನವರನ್ನು ಸನ್ಮಾನಕ್ಕೆ ಆರಿಸಿದರು. ಸಮಿತಿಯ ಅಧ್ಯಕ್ಷ ಚಿತ್ರಲಿಂಗಪ್ಪನವರು ಹಾರ್ಡ್‌ವೇರ್ ಅಂಗಡಿಯವರು, ಸಜ್ಜನರು. ಮೊದಲೇ ತಿಳಿಸಿದರೆ ಆ ಹೆಂಗಸು ಒಪ್ಪುವುದಿಲ್ಲವೆಂದು ಊಹಿಸಿ, ಎಲ್ಲವನ್ನೂ ಗುಟ್ಟಾಗಿ ನಡೆಸಿದರು. ಪ್ರಾರ್ಥನಾಲಯದ ವಾರ್ಷಿಕೋತ್ಸವದ ಗುಂಪು ಫೋಟೋದಿಂದ ದೀನಮ್ಮನವರ ಮುಖವನ್ನು ಮಾತ್ರ ಕತ್ತರಿಸಿ, ದೊಡ್ಡದು ಮಾಡಿಸಿ, ಸ್ಟೇಷನ್ ರಸ್ತೆಯ ತಿರುವಿನಲ್ಲಿ ಫ್ಲೆಕ್ಸ್ ಕಟ್ಟಿಸಿದರು. 'ಎಲೆಮರೆಯ ಕಾಯಿ' ಎಂದು ಅದರ ನೆತ್ತಿಯ ಮೇಲೆ ಬರೆಸಿದ್ದರು. ಬಸ್ಸಿನವರಿಗೂ ಕಾಣುವಷ್ಟು ಎತ್ತರಕ್ಕೆ ಕಟ್ಟಿಸಿದ್ದರಿಂದ ಎಲೆಯ ಮರೆ ಎಲ್ಲಿಯೂ ಇರಲಿಲ್ಲ.

ಸಂಜೆಯ ಸಭೆಗೆ ಪ್ರಾರ್ಥನೆ ಹಾಡಲು ಬೇಕೆಂದು ನೆಪ ಹೇಳಿ ಕರೆಸಿದರು. ವೇದಿಕೆಗೆ ಹತ್ತಿಸಿದ ಮೇಲೆ ಶಾಲು ಹೊದಿಸಿದರು, ಮೈಸೂರು ಪೇಟ ತೊಡಿಸಿದರು, ಹಣ್ಣಿನ ಬುಟ್ಟಿ ಕೈಗಿತ್ತರು. ಯಾವ ಯಾವ ಮನೆಯಲ್ಲಿ ಯಾರ ಯಾರ ಮಲಮೂತ್ರ ಬಳಿದಿದ್ದಾರೆಂಬುದನ್ನು ನಿರೂಪಕರು ಹೆಸರು ಹಿಡಿದು ಓದಿದರು. ನನ್ನ ತಾಯಿಯ ಹೆಸರೂ ಬಂತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಪೇಟದ ಕೆಳಗೆ ಅವರ ಮುಖ, ಕಳ್ಳರು ಬಾಗಿಲು ಮುರಿದ ಮನೆಯ ಮುಂದೆ ನಿಂತವರ ಮುಖದಂತಿತ್ತು.

ಮರುದಿನ ಬೆಳಿಗ್ಗೆ ನಾನು ಬೋಲ್ಟು ಕೊಳ್ಳಲು ಚಿತ್ರಲಿಂಗಪ್ಪನವರ ಅಂಗಡಿಗೆ ಹೋದಾಗ ದೀನಮ್ಮನವರು ಅಲ್ಲಿದ್ದರು. ಫ್ಲೆಕ್ಸ್ ಇಳಿಸಿರೆಂದು ಕೇಳಿಕೊಳ್ಳುತ್ತಿದ್ದರು.

"ಯಾಕಮ್ಮ, ಫೋಟೋ ಸಣ್ಣದಾತಾ?" ಎಂದರು ಚಿತ್ರಲಿಂಗಪ್ಪ.

"ನಾನು ಕೂಡಿಟ್ಟಿದ್ದನ್ನೆಲ್ಲ ಒಂದೇ ಸಂಜೆಗೆ ಖರ್ಚು ಮಾಡಿಬಿಟ್ರಿ ಅಣ್ಣ."

"ನಿಮ್ಮ ಕೈಯಿಂದ ಒಂದು ಪೈಸೆ ಖರ್ಚು ಮಾಡ್ಸಿಲ್ಲವಲ್ಲಮ್ಮ. ಶಾಲು, ಪೇಟ, ಎಲ್ಲಾ ಸಮಿತೀದೇ."

ದೀನಮ್ಮನವರು ಶಾಲನ್ನು ಮಡಿಸಿ ಗಲ್ಲಾದ ಮೇಲಿಟ್ಟು ಹೊರಟುಹೋದರು. ಚಿತ್ರಲಿಂಗಪ್ಪನವರು ಅದನ್ನು ಮತ್ತೆ ಅವರ ಮನೆಗೇ ಕಳಿಸಿಕೊಟ್ಟರು. ಫ್ಲೆಕ್ಸು ಮಾತ್ರ ಬಿಸಿಲಿಗೆ ಬಣ್ಣ ಹಾರುವವರೆಗೂ ಅಲ್ಲಿಯೇ ಇತ್ತು. ಸನ್ಮಾನಿತರ ಚಿತ್ರವನ್ನು ಅಷ್ಟು ಬೇಗ ಇಳಿಸುವುದು ಅವರಿಗೆ ಅಗೌರವವೆಂದು ಸಮಿತಿಗೆ ತೋರಿತು.

ಸಭಾಪಾಲಕರು ಸಮಾಧಾನ ಹೇಳಿದರು. ಕೇಳದೆ ಬಂದ ಹೊಗಳಿಕೆಯಿಂದ ಕೂಲಿ ಕಡಿಮೆಯಾಗದು, ದೇವರು ಮನಸ್ಸನ್ನು ನೋಡುತ್ತಾನೆ ಎಂದರು. ಅದೇ ತೊಂದರೆಯೆಂದು ದೀನಮ್ಮನವರು ನನ್ನ ಬಳಿ ಹೇಳಿಕೊಂಡರು: ಚಪ್ಪಾಳೆ ಕೇಳಿದಾಗ ಒಂದು ಗಳಿಗೆ ಮನಸ್ಸಿಗೆ ಹಿತವಾಗಿತ್ತು, ದೇವರು ನೋಡಿದ್ದರೆ ಅದನ್ನೇ ನೋಡಿರುತ್ತಾನೆ. ಸಂತೋಷವೆಂಬುದು ಮೆದುಳಿನಲ್ಲಿ ತಾನಾಗಿಯೇ ಹುಟ್ಟುವ ಪ್ರತಿಕ್ರಿಯೆ, ಅದಕ್ಕೆ ನೀವು ಹೊಣೆಯಲ್ಲವೆಂದು ನಾನು ವಿವರಿಸಿದೆ. ನನ್ನ ವಿವರಣೆ ಸರಿಯಾಗಿಯೇ ಇತ್ತು. ಅವರಿಗೆ ಅದರಿಂದ ಯಾವ ಉಪಯೋಗವೂ ಆಗಲಿಲ್ಲ. ಊರಿನಲ್ಲಿ ಈಗ ಯಾವ ಹಿತ್ತಲಿಗೆ ಹೋದರೂ ಜನ ಮುಂಬಾಗಿಲಿಗೆ ಕರೆತಂದು ಕುರ್ಚಿ ಹಾಕುತ್ತಿದ್ದರು, ಕೈಮುಗಿಯುತ್ತಿದ್ದರು. ಅವರು ಕುರ್ಚಿಯ ಅಂಚಿನಲ್ಲಿ ಕೂತಂತೆ ಮಾಡಿ ಎದ್ದುಬಿಡುತ್ತಿದ್ದರು. ನಿದ್ದೆ ಬಿಟ್ಟಿದ್ದರು. ಹಗಲಿನಲ್ಲಿ ನಿಲ್ದಾಣದ ಈ ತುದಿಯಿಂದ ಆ ತುದಿಯವರೆಗೆ ನಡೆಯುವುದನ್ನು ನಾನು ಕಂಡಿದ್ದೇನೆ. ಕೂಲಿ ಎಲ್ಲಿಗೆ ಹೋಗುತ್ತದೆಂದು ಕೇಳಿದ್ದು ಆ ದಿನಗಳಲ್ಲಿಯೇ. ಸನ್ಮಾನದಲ್ಲಿ ಕಳೆದುಹೋದದ್ದರ ಬಗ್ಗೆ ಕೇಳುತ್ತಿದ್ದಾರೆಂದು ನಾನು ತಿಳಿದೆ.

ಆಮೇಲೆ ಅವರು ಊರಿನ ಮನೆಗಳಿಗೆ ಹೋಗುವುದನ್ನು ನಿಲ್ಲಿಸಿದರು. ಚೀಲ ಹೊತ್ತು ಮುಂಜಾನೆಯ ಹೊಸದುರ್ಗದ ಬಸ್ಸು ಹತ್ತುತ್ತಿದ್ದರು, ಕತ್ತಲಾಗುವ ಹೊತ್ತಿಗೆ ಬರುತ್ತಿದ್ದರು. ಸನ್ಮಾನ ತಲೆಗೇರಿತು, ಈಗ ನಮ್ಮಂಥವರು ಕಣ್ಣಿಗೆ ಕಾಣುವುದಿಲ್ಲ ಎಂದು ಕೆಲವರು ಆಡಿಕೊಂಡರು. ಎಲ್ಲಿಗೆಂದು ನಾನು ಕೇಳಿದರೆ "ಸುಮ್ನೆ ಹೋಗಿ ಬತ್ತೀನಿ" ಎನ್ನುತ್ತಿದ್ದರು. ಈ ಮಳೆಗಾಲದಲ್ಲಿ ಜ್ವರದಿಂದ ಮಲಗಿ ಮತ್ತೆ ಏಳಲಿಲ್ಲ. ಚಿತ್ರಲಿಂಗಪ್ಪನವರು ಕಣ್ಣೀರು ಹಾಕಿ, ಅದೇ ಶಾಲನ್ನು ಹುಡುಕಿಸಿ ಪೆಟ್ಟಿಗೆಯ ಮೇಲೆ ಹೊದಿಸಿದರು. ಬೇಡವೆನ್ನಬೇಕೆಂದು ನನ್ನ ಬಾಯಿಯವರೆಗೆ ಬಂದಿತ್ತು. ಸತ್ಯಮಿತ್ರನ ಸಮಾಧಿಯ ಪಕ್ಕದಲ್ಲಿಯೇ ಅವರನ್ನು ಇಟ್ಟರು.

ಅದಾದ ಕೆಲವು ದಿನಗಳಿಗೆ ನಿಲ್ದಾಣದ ಬಳಿ ಬೈಕು ನಿಲ್ಲಿಸಿದ ಅಪರಿಚಿತನೊಬ್ಬ, ಸತ್ಯಮಿತ್ರ ಸಾಹೇಬರ ಬಂಗಲೆ ಎಲ್ಲಿ ಬರುತ್ತದೆಂದು ನನ್ನನ್ನು ಕೇಳಿದ. ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದವನು, ಜುಬೇರ್ ಅವನ ಹೆಸರು, ಹಾಸಿಗೆ ಹೊಲಿಯುವ ಕಸುಬು. ಅವನ ತಾಯಿ ಪ್ಯಾರಿ ಬೀ ಕಾಲಿನ ಹುಣ್ಣಿನಿಂದ ಮಲಗಿದ್ದಳು. ಸತ್ಯಮಿತ್ರರು ಕಳಿಸಿಕೊಡುತ್ತಿದ್ದ ಆಯಾ ಕೆಲವು ವಾರಗಳಿಂದ ಬಂದಿಲ್ಲ, ಏನಾಯಿತೆಂದು ವಿಚಾರಿಸಲು ಬಂದಿದ್ದ. ಆಯಾಳ ಹೆಸರೇನೆಂದು ಕೇಳಿದೆ.

"ಹೇಳ್ಲೇ ಇಲ್ಲ ಸಾರ್. ನಾನು ಕೂಲಿಯೋಳು, ನನ್ನ ಹೆಸ್ರು ತಗಂಡು ಏನ್ಮಾಡ್ತೀರಿ ಅನ್ನೋರು. ಚಾ ಕೊಟ್ರೂ ಕುಡೀತಿರ್ಲಿಲ್ಲ. ಕುಂತ್ಕಳ್ರಿ ಅಂದ್ರೂ ಕುಂದರ್ತಿರ್ಲಿಲ್ಲ."

ಸತ್ಯಮಿತ್ರರಿಗೆ ಫೋನಿನಲ್ಲಾದರೂ ಎರಡು ಮಾತು ಹೇಳಬೇಕೆಂದು ಜುಬೇರ್ ಕೇಳಿದಾಗಲೆಲ್ಲ ಆ ಹೆಂಗಸು ತಡೆದಿದ್ದರಂತೆ. ಅವರನ್ನು ಯಾರ ಮುಂದೆಯೂ ಹೊಗಳಬೇಡಿ, ನೀವು ನಂಬುವ ದೇವರ ಮುಂದೆ ಮಾತ್ರ ಅವರ ಹೆಸರು ಹೇಳಿ, ಇದನ್ನು ಮಾಡಿಸಿದವನು ಸತ್ಯಮಿತ್ರನೆಂದು ಹೇಳಿ, ಅಷ್ಟು ಸಾಕು ಎಂದಿದ್ದರಂತೆ. ಅಂದಿನಿಂದ ಪ್ಯಾರಿ ಬೀ ಪ್ರತಿ ನಮಾಜಿನ ನಂತರ ಸತ್ಯಮಿತ್ರನಿಗಾಗಿ ದುವಾ ಮಾಡುತ್ತಿದ್ದಾಳೆ. ಅವರ ಓಣಿಯ ಕೊನೆಯ ಮನೆಯಲ್ಲಿ ಸೊಂಟ ಮುರಿದು ಮಲಗಿರುವ, ಅದೇ ಆಯಾ ನೋಡಿಕೊಳ್ಳುತ್ತಿದ್ದ ಈರಬಸಪ್ಪನವರು ದಿನವೂ ಬೆಳಿಗ್ಗೆ ಲಿಂಗಪೂಜೆಗೆ ಮೊದಲು ಆ ಹೆಸರನ್ನೇ ಹೇಳುತ್ತಾರೆ.