ಬೇಕರಿ ಬೋರ್ಡಿನ ನೀಲಿ

“ಒಳಗೆ ಹೋಗಿದ್ರೆ ತಾನೇ ಮೂರ್ತಿಯವರೇ, ಫೋಟೋ ಇರೋದು!” ಎಂದುಬಿಟ್ಟೆ. ಕೂತಿದ್ದವರೆಲ್ಲ ನಕ್ಕರು.

ಮೈಸೂರಿನ ಕಾಲದ ಗೆಳೆಯ ಮೂರ್ತಿ, ಈ ಪರದೇಶದ ಪ್ರಾಸ್ಪರ್ ಎಂಬ ಊರಿನಲ್ಲಿರುವ ತಮ್ಮ ಮನೆಯ ಟಿವಿಯಲ್ಲಿ ಇಟಲಿ ಪ್ರವಾಸದ ಫೋಟೋಗಳನ್ನು ತೋರಿಸುತ್ತಿದ್ದರು. ಒಂದೊಂದು ಮ್ಯೂಸಿಯಂ ಬಂದಾಗಲೂ ನನಗೆ ಹೊಟ್ಟೆ ಉರಿಯುತ್ತಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಜೀವನವಿಡೀ ಅಂಗಡಿಗಳ ಬೋರ್ಡ್ ಬರೆದವನು ನಾನು. ಒಂದು ದಿನವೂ ಕುಂಚ ಹಿಡಿಯದ ಅವರು ಅದನ್ನೆಲ್ಲ ನೋಡಿ ಬಂದಿದ್ದರು. ವ್ಯಾಟಿಕನ್‌ನ ಪ್ರಾರ್ಥನಾ ಮಂದಿರದೊಳಗೆ ಚಿತ್ರ ಬಿಡಿಸಿರುವ ಆ ಪ್ರಸಿದ್ಧ ಚಾವಣಿಯ ಫೋಟೋ ಮಾತ್ರ ಇರಲಿಲ್ಲ. ನನಗೆ ಅಷ್ಟೇ ಸಾಕಾಯಿತು.

ಮೂರ್ತಿಯವರ ಮುಖ ಸಪ್ಪಗಾಯಿತು. “ಅಲ್ಲಿ ಫೋಟೋ ತೆಗೆಯೋ ಹಾಗಿಲ್ಲ ಕಣ್ರೀ. ನೀವು ಕೇಳ್ತೀರಿ ಅಂತ ಬರ್ಕೊಂಡು ಬಂದೆ” ಎಂದು ಜೇಬಿನಿಂದ ಚೀಟಿ ತೆಗೆದುಕೊಟ್ಟರು. ಎಲ್ಲೆಲ್ಲಿ ಯಾವ ಬಣ್ಣವಿದೆ ಎಂದು ಸಾಲುಸಾಲಾಗಿ ಬರೆದಿದ್ದರು. ಕೊನೆಯ ಸಾಲು ಹೀಗಿತ್ತು: ‘ಎದುರು ಗೋಡೆಯ ನೀಲಿ, ನಮ್ಮ ಬೀದಿಯ ಬೇಕರಿ ಬೋರ್ಡಿಗೆ ನೀವು ಬಳಿದಿದ್ದ ನೀಲಿಯೇ.’

ಕ್ಷಮೆ ಕೇಳಲೆಂದು ಹತ್ತಿರದ ಊರು ಯೂಲೆಸ್‌ನಲ್ಲಿ ನಾನಿರುವ ಮಗಳ ಮನೆಯಿಂದ ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ “ಮತ್ತೇನು ನೋಡಿದ್ರಿ?” ಎಂದಷ್ಟೇ ಕೇಳಿದೆ. ಅವರು ಹೇಳುತ್ತಿದ್ದಂತೆ ಮತ್ತೆ ಹೊಟ್ಟೆ ಉರಿಯಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ತಪ್ಪಾಯಿತು, ಮೂರ್ತಿ.