ಓಕೆ ಒತ್ತುವ ಮುನ್ನ

ಒಣಗಿದ ಬೇವಿನೆಲೆಯ ವಾಸನೆ ಬಂದರೆ ಬೇರೆಯವರಿಗೆ ಯುಗಾದಿ ನೆನಪಾಗಬಹುದು, ಬಾಣಂತಿಯ ನೀರು ನೆನಪಾಗಬಹುದು. ನನಗೆ ವಿಡಿಯೊ ಕ್ಯಾಸೆಟ್ಟು ನೆನಪಾಗುತ್ತದೆ. ಮಕ್ಕಳೇ, ನೀವು ನಗುತ್ತೀರಿ ಎಂದು ಗೊತ್ತು. ಆದರೆ ನಮ್ಮ ಪುಣೆಯ ಮನೆಯಲ್ಲಿ ಕೆಡಬಾರದ ವಸ್ತು ಯಾವುದಿದ್ದರೂ ಅದರ ಜಾಗ ಒಂದೇ, ಜೋಳದ ಡಬ್ಬಿ. ನನ್ನ ಅತ್ತೆ ಧಾರವಾಡದಿಂದ ಬರುವಾಗ ತಂದಿದ್ದ ಎತ್ತರದ ತಗಡಿನ ಡಬ್ಬಿ ಅದು. ಜೋಳದ ನಡುನಡುವೆ ಬೇವಿನೆಲೆ ಹಾಕಿ, ಮೇಲೆ ಹಳೆಯ ಸೀರೆಯ ತುಂಡು ಮುಚ್ಚಿ ಇಡುತ್ತಿದ್ದರು. ನಿಮ್ಮ ಅಜ್ಜ ಕ್ಯಾಮೆರಾದಲ್ಲಿ ತೆಗೆದ ಕ್ಯಾಸೆಟ್ಟುಗಳಿಗೆ ಒಂದು ಮಳೆಗಾಲದಲ್ಲಿ ಬೂಸ್ಟು ಹಿಡಿಯಿತು. ಅತ್ತೆ ಅವನ್ನೆಲ್ಲ ಸೆರಗಿನಿಂದ ಒರೆಸಿ ಜೋಳದಲ್ಲಿ ಹುಗಿದರು. "ಜೋಳಕ್ಕ ಹುಳ ಹತ್ತಂಗಿಲ್ಲ, ಇದಕ್ಯಾಕ ಹತ್ತೀತು?" ಎಂದರು. ನಮಗೆಲ್ಲ ಅದು ಸರಿಯೆಂದೇ ಕಂಡಿತು. ಜೋಳದ ಸಣ್ಣ ಧೂಳು ಕ್ಯಾಸೆಟ್ಟಿನ ಒಳಗೆ ಹೋಗಿ ಕೂರುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ.

ಇದನ್ನು ಬರೆಯಲು ಕಾರಣ ನೀನೇ, ಸಾನಿಕಾ. ಹೋದ ವಾರ ಈ ತಳೇಗಾಂವದ ಮನೆಯ ಕಪಾಟು ಒಪ್ಪ ಮಾಡುವಾಗ ನಿನಗೆ ನಿಮ್ಮವ್ವ ವೀಣಾ ಮಾಡಿದ ಹಳೆಯ ಡಿವಿಡಿ ಸಿಕ್ಕಿತು. ಅದರಲ್ಲಿದ್ದ ನಾಲ್ಕೂ ಚಿತ್ರಗಳನ್ನು ನೀನು ಪೆನ್‌ಡ್ರೈವಿಗೆ ಇಳಿಸಿದೆ. "ಅಜ್ಜಿ, ಎಲ್ಲಾ ಬಂತು. ಇನ್ನ ಆ ಪ್ಲೇಯರೂ ಬ್ಯಾಡ, ಈ ಡಿವಿಡಿನೂ ಬ್ಯಾಡ. ಹಳೇ ಸಾಮಾನಿನ ಭಂಗಾರದವಗ ಹಾಕೂಣ," ಎಂದೆ. ನಾನು ತಲೆಯಾಡಿಸಿದೆ. ಬಾಯಿಬಿಟ್ಟು ಹೇಳಲು ನಾಚಿಕೆಯಾಗುವುದನ್ನು ನಾನು ಬರೆದೇ ಹೇಳುವವಳು. ಎಲ್ಲ ಬಂದಿಲ್ಲ ಮಗಾ. ನಿಮ್ಮ ಅಜ್ಜನ ದನಿ ಆ ಡಿವಿಡಿ ತಟ್ಟೆಯಲ್ಲೇ ಉಳಿದಿದೆ. ಅಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

ನಾನು ಹುಟ್ಟಿದ್ದು ಬೆಳಗಾವಿ ಕಡೆಯ ಒಂದು ಹಳ್ಳಿಯಲ್ಲಿ. ಮಣ್ಣಿನ ಮಾಳಿಗೆಯ ಮನೆ, ಹಿಂದೆ ಹಿತ್ತಿಲು, ಹಿತ್ತಿಲಾಚೆ ಬಾವಿ, ಅದರಾಚೆ ಹುಣಸೆ ಮರ. ಅಲ್ಲಿ ನನ್ನ ಹೆಸರು ತುಂಗಾ. ಅವ್ವ ಹಿತ್ತಿಲ ಬಾಗಿಲಲ್ಲಿ ನಿಂತು ಕೊನೆಯ ಅಕ್ಷರವನ್ನು ಎಳೆದು "ತುಂಗಾ" ಎಂದು ಕೂಗಿದರೆ ಹುಣಸೆ ಮರದ ಕೆಳಗೆ ಆಡುತ್ತಿದ್ದ ನನಗೆ ಕೇಳಿಸುತ್ತಿತ್ತು. ಆ ಕೂಗಿನಲ್ಲಿ ಬಿಸಿ ರೊಟ್ಟಿ ಇದೆಯೋ ಬೈಗುಳ ಇದೆಯೋ ಎಂದು ದೂರದಿಂದಲೇ ತಿಳಿಯುತ್ತಿತ್ತು. ಮದುವೆಯ ದಿನ ಪರಾತದಲ್ಲಿ ಅಕ್ಕಿ ಹರಡಿ, ಅದರ ಮೇಲೆ ನಿಮ್ಮ ಅಜ್ಜನ ಕೈಯಿಂದ ಉಂಗುರದಲ್ಲಿ ಹೊಸ ಹೆಸರು ಬರೆಸಿದರು. ಅಲ್ಲಿಂದ ನಾನು ಸುನಂದಾ ಆದೆ. ಪುಣೆಯಲ್ಲಿ ಯಾರಾದರೂ ಸುನಂದಾ ಎಂದು ಕರೆದರೆ ಎಷ್ಟೋ ದಿನ ನಾನು ಹಿಂದೆ ತಿರುಗಿ ನೋಡುತ್ತಿದ್ದೆ, ಬೇರೆ ಯಾರೋ ನಿಂತಿರಬೇಕು ಎಂದು. ನಿಮ್ಮ ಅಜ್ಜ ಆ ಹೆಸರಿನಿಂದಲೂ ಕರೆಯುತ್ತಿರಲಿಲ್ಲ. ಹಿರಿಯರ ಎದುರು ಹೆಂಡತಿಯ ಹೆಸರು ಹಿಡಿಯುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಇಲ್ಲಿ ಕೇಳು ಎನ್ನುವುದಕ್ಕೆ "ಕೇಳಿಲ್ಲೆ," ಎನ್ನುತ್ತಿದ್ದರು, ಅಷ್ಟೆ. ಎರಡು ಕೋಣೆಯ ಮನೆಯಲ್ಲಿ ಹಿರಿಯರು ಎದುರಿಗಿಲ್ಲದ ಹೊತ್ತು ಎಲ್ಲಿತ್ತು?

ಪುಣೆಗೆ ಬಂದೆ ಎನ್ನುವುದಕ್ಕಿಂತ ಆ ಎರಡು ಕೋಣೆಗೆ ಬಂದೆ ಎಂದರೆ ಸರಿ. ಪೇಟೆಯ ಹಳೆಯ ವಾಡೆ. ನಡುವೆ ಅಂಗಳ, ಸುತ್ತ ಬಿಡಾರಗಳು. ನಮ್ಮದು ಮೇಲಿನ ಮಹಡಿ. ಮರದ ಕಡಿದಾದ ಮೆಟ್ಟಿಲ ತುದಿಗೆ ನೆಲಕ್ಕೆ ಮಲಗಿಸಿದಂಥ ಒಂದು ಬಾಗಿಲು, ಅದನ್ನು ಮುಚ್ಚಿದರೆ ಮೆಟ್ಟಿಲೇ ಕಾಣುತ್ತಿರಲಿಲ್ಲ. ಮಧ್ಯಾಹ್ನ ಮಾವನವರು ಮಲಗುವಾಗ ಅದನ್ನು ಮುಚ್ಚುತ್ತಿದ್ದರು. ಕೆಳಗೆ ನಲ್ಲಿಯ ಹತ್ತಿರ ಹೆಂಗಸರು ಮರಾಠಿಯಲ್ಲಿ ನಗುವುದು ಕೇಳಿಸುತ್ತಿತ್ತು. ನನಗೆ ಅವರ ಮಾತು ತಿಳಿಯುತ್ತಿತ್ತು, ನಾಲಗೆ ಮಾತ್ರ ಏಳುತ್ತಿರಲಿಲ್ಲ. ಹಳ್ಳಿಯ ಕನ್ನಡ ಶಾಲೆಯಲ್ಲಿ ಕಲಿತವಳು ತಪ್ಪು ಮಾತಾಡಿಯಾಳು ಎಂಬ ಹೆದರಿಕೆ. ಅತ್ತೆ ಕೆಟ್ಟವರಲ್ಲ. ಆದರೆ ಅವರ ಸೊಸೆ ಗ್ಯಾಲರಿಯಲ್ಲಿ ನಿಂತು ರಸ್ತೆ ನೋಡುವುದು ಅವರಿಗೆ ಸೇರುತ್ತಿರಲಿಲ್ಲ. ಅಡಿಗೆ ಕೋಣೆಯ ಸರಳು ಕಿಟಕಿಯಿಂದ ಎದುರಿನ ಗೋಡೆ, ಗೋಡೆಯ ಮೇಲೆ ಒಂದು ಬೆಕ್ಕು, ಮೇಲೊಂದು ಚೂರು ಆಕಾಶ ಕಾಣುತ್ತಿದ್ದವು. ನಿಮ್ಮವ್ವ ಹುಟ್ಟಿ, ಶಾಲೆಗೆ ಹೋಗಿ, ಪಟಪಟನೆ ಮರಾಠಿ ಮಾತಾಡತೊಡಗಿದರೂ ನನ್ನ ಪುಣೆ ಅಷ್ಟೇ ಇತ್ತು.

ಆಗ ಕ್ಯಾಮೆರಾ ಬಂತು. ಮದುವೆಗಳ ವಿಡಿಯೊ ತೆಗೆಯುವ ಗೆಳೆಯರೊಬ್ಬರು ಹೊಸದನ್ನು ಕೊಂಡಾಗ ಹಳೆಯದನ್ನು ನಿಮ್ಮ ಅಜ್ಜನಿಗೆ ಕೊಟ್ಟಿದ್ದರು. ಬಟ್ಟೆ ಅಂಗಡಿಯ ಲೆಕ್ಕ ಬರೆಯುತ್ತಿದ್ದ ಆ ಮಿತಭಾಷಿ ಮನುಷ್ಯ ಕ್ಯಾಮೆರಾ ಹೆಗಲಿಗೇರಿದರೆ ಬೇರೆಯೇ ಆಗುತ್ತಿದ್ದರು. ತೆಗೆಯುತ್ತ ತೆಗೆಯುತ್ತ ಮಾತಾಡುತ್ತಿದ್ದರು. "ಈಗ ನೋಡ್ರಿ, ನಮ್ಮ ಅಪ್ಪಾವರು ಕಣ್ಣಿಗೆ ಚಸಮಾ ಹಾಕ್ಕೊಂಡು ಚಸಮಾ ಹುಡುಕ್ಲಿಕ್ಕತ್ತಾರ." ಮಾವನವರು ಸಿಡುಕುತ್ತಿದ್ದರು: "ನನ್ನ ಯಾಕ ತಗೀತೀಯೋ? ಆ ಬೆಕ್ಕು ತಗಿ, ಅದಾದ್ರೂ ಚಂದ ಅದ." ಅತ್ತೆ, "ಮಗಳನ್ನ ಒಮ್ಮೆನೂ ಎತ್ಕೊಂಡವನಲ್ಲ, ಇದನ್ನ ನೋಡು, ಹ್ಯಾಂಗ ಹೆಗಲ ಮ್ಯಾಲೆ ಕೂಡಿಸ್ಕೊಂಡಾನ!" ಎಂದು ಚುಚ್ಚುತ್ತಿದ್ದರು. ಗಣಪತಿ ಕೂಡಿಸಿದ್ದು, ವೀಣಾಳ ಶಾಲೆಯ ಕುಣಿತ, ಇಂದಾಪುರದಲ್ಲಿ ಗೆಳೆಯರ ಕಬ್ಬಿನ ಹೊಲಕ್ಕೆ ಹೋಗಿದ್ದು, ಎಲ್ಲವನ್ನೂ ತೆಗೆದರು. ನಾನು ಮಾತ್ರ ಆ ಗಾಜಿನ ಕಣ್ಣು ಕಂಡರೆ ಕಂಬದ ಹಿಂದೆ, ಬಾಗಿಲ ಹಿಂದೆ. ಹೀಗಾಗಿ ಆ ಕ್ಯಾಸೆಟ್ಟುಗಳಲ್ಲಿ ನಾನು ಅಡಗಿರುವವಳು, ಅವರು ಕ್ಯಾಮೆರಾದ ಹಿಂದಿರುವವರು. ನನ್ನದು ಅಲ್ಲಲ್ಲಿ ಸೆರಗಾದರೂ ಕಾಣುತ್ತದೆ. ಅವರದು ದನಿಯೊಂದೇ.

ಅವರು ನಿಂತ ನಿಲುವಿನಲ್ಲಿ ತೀರಿಹೋದ ಮರುವರ್ಷ ವಾಡೆ ಕೆಡವುವುದು ಗಟ್ಟಿಯಾಯಿತು. ಅತ್ತೆ, ಮಾವ ಅದಕ್ಕೂ ಮೊದಲೇ ತೀರಿದ್ದರು. ನಿಮ್ಮವ್ವನಿಗೆ ಆಗಷ್ಟೇ ನೌಕರಿ ಸಿಕ್ಕಿತ್ತು, ಮನೆಗೆ ಕಂಪ್ಯೂಟರ್ ಬಂದಿತ್ತು. "ಅವ್ವಾ, ಮನಿ ಬಿಡೂದ್ರಾಗ ಎಲ್ಲಾ ಒಂದ ಡಿವಿಡಿಯೊಳಗ ಹಾಕ್ತೀನಿ. ಅಂಗಡಿ ಸಿನಿಮಾ ಡಿವಿಡಿಗೆ ಇರ್ತದಲ್ಲ, ಹಂಗ ಯಾವ್ದು ನೋಡ್ಬೇಕಂತ ಆರಿಸ್ಲಿಕ್ಕೆ ಮೆನು ಮಾಡ್ತೀನಿ," ಎಂದಳು. ಅಂದಿನಿಂದ ನಾನು ಕಾದಿದ್ದು ಒಂದಕ್ಕೇ. ಹೋದವರ ಮುಖ ಫೋಟೋದಲ್ಲಿ ಇರುತ್ತದೆ, ದನಿ ಎಲ್ಲಿರುತ್ತದೆ? ಒಮ್ಮೊಮ್ಮೆ ಮಧ್ಯಾಹ್ನ ಕುಳಿತು ಅವರು "ಕೇಳಿಲ್ಲೆ" ಎನ್ನುತ್ತಿದ್ದುದನ್ನು ನೆನಪಿಸಿಕೊಳ್ಳಲು ನೋಡುತ್ತಿದ್ದೆ. ಪದ ನೆನಪಾಗುತ್ತಿತ್ತು, ದನಿ ಜಾರುತ್ತಿತ್ತು.

ವೀಣಾ ಜೋಳದ ಡಬ್ಬಿಯಿಂದ ಕ್ಯಾಸೆಟ್ಟು ತೆಗೆದು ಅಲುಗಿಸಿದಾಗ ಮೇಜಿನ ಮೇಲೆ ಬಿಳಿ ಪುಡಿ ಬಿತ್ತು. "ಅವ್ವಾ, ಇದರಾಗಿಂದ ಜೋಳದ ಭಕ್ರಿ ಹಿಟ್ಟು ಉದರ್ಲಿಕ್ಕತ್ತದಲ್ಲ!" ಎಂದು ನಕ್ಕಳು. ಕ್ಯಾಸೆಟ್ಟು ಓಡುವಷ್ಟು ಹೊತ್ತೂ ಕಂಪ್ಯೂಟರ್ ಮುಟ್ಟುವಂತಿರಲಿಲ್ಲ. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಆಮೇಲೆ ಬೇಡದ್ದನ್ನು ಕತ್ತರಿಸಿ ನಾಲ್ಕು ಚಿತ್ರ ಮಾಡಿದಳು. ಮೆನುವಿಗೆ ಕನ್ನಡ ಬರೆಯಹೋದರೆ ಅಕ್ಷರ ಒಂದು ಕಡೆ, ಒತ್ತು ಒಂದು ಕಡೆ ಬೀಳುತ್ತಿದ್ದವು. "ನಿನ್ನ ಅಕ್ಷರ ದುಂಡಗ ಅವ, ನೀನ ಬರದು ಕೊಡು," ಎಂದಳು. ಬಿಳಿ ಹಾಳೆಯ ಮೇಲೆ ನಾನು ದಪ್ಪ ಪೆನ್ನಿನಲ್ಲಿ ಗಣಪತಿ, ಶಾಲೆ, ಇಂದಾಪುರ, ವಾಡೆ ಎಂದು ಬರೆದುಕೊಟ್ಟೆ. ಅದರ ಚಿತ್ರ ತೆಗೆದು ನಾಲ್ಕು ಪುಟ್ಟ ಚೌಕಗಳ ಕೆಳಗೆ ಕೂಡಿಸಿದಳು. ಮೊದಲು ಮಾಡಿದ ತಟ್ಟೆ ಕಂಪ್ಯೂಟರಿನಲ್ಲಿ ಓಡಿತು, ಟಿವಿಯಲ್ಲಿ ಓಡಲಿಲ್ಲ. ಅದನ್ನು ನಾನು ಚಹದ ಪಾತ್ರೆಗೆ ಮುಚ್ಚಳ ಮಾಡಿಕೊಂಡೆ. ಎರಡನೆಯದು ಓಡಿತು.

ನಾವಿಬ್ಬರೂ ಚಾಪೆಯ ಮೇಲೆ ಕುಳಿತು ನೋಡಿದೆವು. ಹಾಕಿದ ಕೂಡಲೇ ವೀಣಾ ಓಕೆ ಒತ್ತಿದಳು, ಗಣಪತಿ ಬಂದ. ಮಾವನವರ ತುಟಿ ಅಲುಗಿತು, ಅತ್ತೆ ಕೈ ಬೀಸಿ ಏನೋ ಅಂದರು. ಕೇಳಿಸಿದ್ದು ಮಾತ್ರ ಶಹನಾಯಿ. ಶಾಲೆಗೂ ಶಹನಾಯಿ, ಕಬ್ಬಿಗೂ ಶಹನಾಯಿ. ನಾನು ಮೆಲ್ಲಗೆ ಕೇಳಿದೆ: "ನಿಮ್ಮಪ್ಪನ ದನಿ?"

"ಅಯ್ಯ ಅವ್ವಾ, ಧೂಳಿಗೆ ಬರೇ ಸರ್ ಅಂತ ಸಪ್ಪಳ ಬರ್ತಿತ್ತು, ಕಿವಿ ಹರೀತಿತ್ತು. ಅದಕ್ಕ ತಗದು ಶಹನಾಯಿ ಹಾಕೀನಿ. ಛಲೋ ಆಗಿಲ್ಲೇನು?"

"ಭಾಳ ಛಲೋ ಆಗ್ಯದ," ಎಂದೆ. ಕಂಪ್ಯೂಟರಿನಲ್ಲಿ ಜಾಗವಿಲ್ಲವೆಂದು ಅವಳು ಹಳೆಯದನ್ನೆಲ್ಲ ಅಳಿಸಿದ್ದಳು. ಕ್ಯಾಸೆಟ್ಟುಗಳ ಚೀಲ ಹಿಂದಿನ ದಿನವೇ ವಾಡೆಯ ಉಳಿದ ಸಾಮಾನಿನ ಜೊತೆ ಭಂಗಾರಕ್ಕೆ ಹೋಗಿತ್ತು. ಪಾಪ, ಅಪ್ಪನಿಗಾಗಿಯೇ ಇಷ್ಟೆಲ್ಲ ಮಾಡಿದವಳು ಅವಳು. ಅಡಿಗೆ ಕೋಣೆಗೆ ಹೋಗಿ ಸರಳು ಹಿಡಿದು ನಿಂತೆ. ಎದುರಿನ ಗೋಡೆಯನ್ನೂ ಆಗಲೇ ಅರ್ಧ ಕೆಡವಿದ್ದರು. ಬೆಕ್ಕು ಇರಲಿಲ್ಲ.

ಮರುದಿನ ಮಧ್ಯಾಹ್ನ ವೀಣಾ ಕೆಲಸಕ್ಕೆ ಹೋದ ಮೇಲೆ, ದನಿಯಿಲ್ಲದಿದ್ದರೂ ಮುಖಗಳನ್ನಾದರೂ ನೋಡೋಣವೆಂದು ತಟ್ಟೆ ಹಾಕಿದೆ. ಮೆನು ಬಂತು. ನನಗೆ ರಿಮೋಟಿನ ಭಯ, ಯಾವುದೋ ಗುಂಡಿ ಒತ್ತಿ ಹಾಳಾದರೆ ಎಂದು ಸುಮ್ಮನೆ ಕುಳಿತೆ. ನನ್ನ ಅಕ್ಷರದ ನಾಲ್ಕು ಚೌಕಗಳು ಬದಿಯಲ್ಲಿ. ಅವುಗಳ ಹಿಂದೆ ಅಲುಗುವ ಚಿತ್ರ. ವಾಡೆಯ ಅಡಿಗೆ ಕೋಣೆಯ ಬಾಗಿಲು. ಒಬ್ಬ ಹೆಂಗಸು, ಕೈ ತುಂಬ ಹಿಟ್ಟು, ಹೊಸ್ತಿಲ ತನಕ ಬರುತ್ತಾಳೆ. ಕ್ಯಾಮೆರಾ ಕಂಡು ಮೊಳಕೈಯಿಂದ ಮುಖ ಮುಚ್ಚಿ ಒಳಗೆ ಹೋಗುತ್ತಾಳೆ. ಸರ್ ಎಂಬ ಸಪ್ಪಳದ ಒಳಗಿನಿಂದ, ಮಳೆಯ ಆಚೆಯಿಂದ ಬಂದಂತೆ, ಆ ದನಿ: "ತುಂಗಾ... ಹೊರಗ ಬಾ. ಯಾರೂ ಇಲ್ಲ." ಕೊನೆಯ ಅಕ್ಷರ ಎಳೆದು, ಥೇಟ್ ನನ್ನ ಅವ್ವನ ಹಾಗೆ. ಚಿತ್ರ ಒಮ್ಮೆ ತಡವರಿಸಿ ಮತ್ತೆ ಮೊದಲಿಗೆ ಹೋಯಿತು. ಮತ್ತೆ ಅವಳು ಬಂದಳು, ಮತ್ತೆ ಒಳಗೆ ಹೋದಳು, ಮತ್ತೆ ಅವರು ಕರೆದರು. ಸಂಜೆ ವೀಣಾ ಬರುವ ತನಕ ನಾನು ಚಾಪೆಯಿಂದ ಏಳಲಿಲ್ಲ.

"ಯಾಕವ್ವಾ, ಮುಂದ ಹೋಗಲಿಲ್ಲೇನು? ಓಕೆ ಒತ್ತೋತನಕ ಅದು ಹಿಂಗ ತಿರಗ್ತದ," ಎಂದು ರಿಮೋಟು ಕೈಗೆತ್ತಿಕೊಂಡಳು. ಆಮೇಲೆ ಕಿವಿಗೊಟ್ಟು, "ಅಯ್ಯ, ಮೆನುವಿಗೆ ಶಹನಾಯಿ ಹಾಕೂದು ಮರತೇನಿ. ಬ್ಯಾರೆ ಮಾಡಿ ಕೊಡ್ಲೇನು?" ಎಂದಳು.

"ಬ್ಯಾಡ. ಇರ್ಲಿ."

"ತುಂಗಾ ಅಂದ್ರ ಯಾರು? ಕೆಳಗಿನ ಮನೀ ಕೆಲಸದಾಕಿನ?"

"ಹೂಂ, ಇದ್ಲು ಒಬ್ಬಾಕಿ," ಎಂದು ಎದ್ದು ಚಹಕ್ಕೆ ನೀರಿಟ್ಟೆ.

ಆಮೇಲೆ ಮನೆ ಬದಲಾಯಿತು, ವಾಡೆಯ ಜಾಗದಲ್ಲಿ ಲಿಫ್ಟು ಇರುವ ಕಟ್ಟಡ ಎದ್ದಿತು, ನೀವು ಹುಟ್ಟಿದಿರಿ. ನಾನು ಟಿವಿಯ ಮುಂದೆ ಕುಳಿತಾಗೆಲ್ಲ ನೀವು, "ಅಜ್ಜಿ, ಓಕೆ ಒತ್ತು! ಅಜ್ಜಿಗೆ ಒತ್ತಲಿಕ್ಕ ಬರಂಗಿಲ್ಲ!" ಎಂದು ಕೂಗುತ್ತಿದ್ದಿರಿ. ಬರುತ್ತಿತ್ತು ಮಕ್ಕಳೇ. ಒತ್ತಿದರೆ ಶಹನಾಯಿ ಶುರುವಾಗುತ್ತದೆ ಎಂದು ಒತ್ತುತ್ತಿರಲಿಲ್ಲ. ಪೆನ್‌ಡ್ರೈವಿನಲ್ಲಿ ಇರುವುದು ಒತ್ತಿದ ಮೇಲಿನದು. ಮೆನು ಅದರಲ್ಲಿ ಇಲ್ಲ, ನಾನು ನೋಡಿದೆ. ತುಂಗಾ ಎಂದು ನನ್ನನ್ನು ಕರೆಯುವವರು ಹಳ್ಳಿಯಲ್ಲೂ ಈಗ ಯಾರೂ ಉಳಿದಿಲ್ಲ. ಆದ್ದರಿಂದ ಆ ತಟ್ಟೆ, ಆ ಪ್ಲೇಯರು ನನ್ನ ಕಪಾಟಿನಲ್ಲಿ ಇರಲಿ. ಜೋಳದ ಡಬ್ಬಿಯಲ್ಲಿ ಮಾತ್ರ ಇಡಬೇಡಿ.

ಇನ್ನೊಂದು ಮಾತು ವೀಣಾಳಿಗೂ ತಿಳಿಯಲಿ. ಆ ಮೆನುವಿನ ಚಿತ್ರ ತೆಗೆದ ದಿನ ಅತ್ತೆ, ಮಾವ ನೆರೆಯವರ ಜೊತೆ ರಾಂಜಣಗಾಂವದ ಗಣಪತಿಗೆ ಹೋಗಿದ್ದರು, ವೀಣಾ ಶಾಲೆಯಲ್ಲಿದ್ದಳು. ನನ್ನ ಹಳೆಯ ಹೆಸರು ನಿಮ್ಮ ಅಜ್ಜನಿಗೆ ಹೇಗೆ ನೆನಪಿತ್ತೆಂದು ನಾನು ಆಮೇಲೆ ಕೇಳಿದೆ. ಮದುವೆಯಾಗಿ ಹೊರಟಾಗ ನನ್ನ ಅವ್ವ ಗಾಡಿಯ ಹಿಂದೆ ನಿಂತು ಒಮ್ಮೆ ತುಂಗಾ ಎಂದು ಕೂಗಿದ್ದಳಂತೆ. ನಾನು ಅಳುವುದರಲ್ಲಿ ಕೇಳಿಸಿಕೊಂಡಿರಲಿಲ್ಲ, ಇವರು ಕೇಳಿಸಿಕೊಂಡಿದ್ದರು. ಅಷ್ಟು ವರ್ಷ ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರು. ಇದನ್ನೆಲ್ಲ ಮಾತಾಡಿದ್ದು ಗ್ಯಾಲರಿಯಲ್ಲಿ ಕುಳಿತು, ಹಗಲು ಬೆಳಕಿನಲ್ಲಿ, ಕೆಳಗೆ ರಸ್ತೆ ನೋಡುತ್ತ. ಅದು ಯಾವ ತಟ್ಟೆಯಲ್ಲೂ ಇಲ್ಲ, ಏಕೆಂದರೆ ಅವರು ಕ್ಯಾಮೆರಾ ಕೆಳಗಿಟ್ಟಿದ್ದರು. ಮುಂದೆ ಎಂದಾದರೂ ನೀವು ಆ ಡಿವಿಡಿ ಹಾಕಿ ನೋಡಿದರೆ, ಮತ್ತೆ ಮತ್ತೆ ಒಳಗೆ ಹೋಗುವ ಆ ಹೆಂಗಸಿಗಾಗಿ ಮರುಗಬೇಡಿ. ಕ್ಯಾಮೆರಾ ಆರಿದ ಮೇಲೆ ಅವಳು ಕೈ ತೊಳೆದುಕೊಂಡು ಹೊರಗೆ ಬಂದಳು.