ಒಂಬತ್ತು ಕೋಣೆಯ ಮನೆಯಲ್ಲಿ ಒಂದು ಕೊಡ ನೀರು

ಅವ್ವನ ಮೊಣಕಾಲಿಗೆ ಆಪರೇಷನ್ ಆಗಿ ಆರು ತಿಂಗಳಾಗಿತ್ತು. ಅವಳು ಮತ್ತೆ ಓಡಾಡುವಂತಾದಳೆಂಬ ಖುಷಿಗೆ ನನ್ನ ತಂಗಿಯ ಗಂಡ ಸವಳಂಗದ ಹತ್ತಿರ ಎರಡು ದಿನಕ್ಕೆ ಒಂದು ಮನೆ ಬಾಡಿಗೆಗೆ ಹಿಡಿದ. ಜಗಳೂರಿನಿಂದ ಅವರಿಬ್ಬರು, ಹೊನ್ನಾಳಿಯಿಂದ ನಾನು ಮತ್ತು ಅವ್ವ. ಇದ್ದವರು ನಾಲ್ಕೇ ಜನ, ಮಲಗುವ ಕೋಣೆಗಳು ಒಂಬತ್ತು.

"ಫೋಟೋದಾಗೆ ಇಷ್ಟು ದೊಡ್ಡದು ಅನ್ನಿಸ್ಲಿಲ್ಲ ಅಕ್ಕಾ," ಎಂದ ಅವನು, ತಪ್ಪು ಮಾಡಿದವನಂತೆ.

ಗೇಟು ರಿಮೋಟಿನಿಂದ ತೆರೆಯಿತು. ಒಳಗೆ ಹೋದರೆ ಮೈ ನಡುಗುವಷ್ಟು ಚಳಿ. ಒಂಬತ್ತೂ ಕೋಣೆಗಳಲ್ಲಿ ಏಸಿ ಓಡುತ್ತಿತ್ತು. ಯಾರೂ ಮಲಗದ ಹಾಸಿಗೆಗಳನ್ನು ಅದು ತಣ್ಣಗೆ ಮಾಡುತ್ತಿತ್ತು. ಕೋಣೆಗೊಂದು ಸಣ್ಣ ಫ್ರಿಜ್ಜು, ಎಲ್ಲವೂ ಖಾಲಿ, ಎಲ್ಲವೂ ಗುಂಯ್ ಎನ್ನುತ್ತಿದ್ದವು. ಅಡುಗೆಮನೆಯ ದೊಡ್ಡ ಫ್ರಿಜ್ಜಿನಲ್ಲಿ ಮಾತ್ರ ಹಿಂದಿನವರು ಬಿಟ್ಟುಹೋದ ಸಾರು ಜಿಡ್ಡುಗಟ್ಟಿ ಕೂತಿತ್ತು. ಗ್ಯಾಸ್ ಒಲೆ ಇರಲಿಲ್ಲ, ಗಾಜಿನ ಕರೆಂಟ್ ಒಲೆ. ಅವ್ವ ಸೆರಗು ಹೊದ್ದುಕೊಂಡು, "ಇಷ್ಟು ಚಳಿ ಯಾರಿಗೆ ಬೇಕಾಗಿತ್ತೇ?" ಎಂದಳು. ಏಸಿ ಆರಿಸುವ ಸ್ವಿಚ್ಚು ಹುಡುಕಿ ಸಿಗದೆ ನಾವು ಸುಮ್ಮನಾದೆವು. ಸುಳ್ಳೇಕೆ, ಆ ರಾತ್ರಿ ನಾನೂ ಅದೇ ಚಳಿಯಲ್ಲಿ ದಪ್ಪ ರಜಾಯಿ ಎಳೆದುಕೊಂಡು ಸುಖವಾಗಿ ನಿದ್ದೆ ಮಾಡಿದೆ. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮರುದಿನ ಬೆಳಗ್ಗೆ ಹತ್ತರ ಸುಮಾರಿಗೆ ಅವ್ವನಿಗೆ ಎಣ್ಣೆ ಹಚ್ಚಿ, ಬಚ್ಚಲಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಬಕೆಟ್ಟಿರಲಿಲ್ಲ. ಕೈ ಒಡ್ಡಿದರೆ ತಾನೇ ನೀರು ಬಿಡುವ ನಲ್ಲಿ, ಮೇಲೆ ತಟ್ಟೆಯಗಲದ ಶವರ್. ತಲೆ ತುಂಬ ಸೀಗೇಪುಡಿ ಹಚ್ಚಿ ಉಜ್ಜುತ್ತಿದ್ದೆ. ಕರೆಂಟ್ ಹೋಯಿತು.

ಕಿಟಕಿಯೇ ಇಲ್ಲದ ಬಚ್ಚಲು ಒಮ್ಮೆಗೇ ಕತ್ತಲಾಯಿತು. ನೀರೂ ನಿಂತಿತು.

"ಕಣ್ಣು ಉರೀತಾ ಐತೆ, ನೀರು ಹಾಕೇ!" ಅವ್ವ ಕೂಗಿದಳು. ಎದ್ದೇಳಲು ನೋಡಿದಳು. ನೆಲವೆಲ್ಲ ಎಣ್ಣೆ, ಸೀಗೆ. ಜಾರಿ ಬಿದ್ದರೆ ಆ ಕಾಲಿನ ಗತಿಯೇನು? ಅವಳನ್ನು ಗಟ್ಟಿಯಾಗಿ ಹಿಡಿದುಕೊಂಡೇ ತಂಗಿಯನ್ನು ಕರೆದೆ.

ತಂಗಿ ಫೋನಿನ ಬೆಳಕು ಹಿಡಿದು ಓಡಿಬಂದು ಅವ್ವನ ಪಕ್ಕ ನಿಂತಳು. ಕುಡಿಯಲು ತಂದಿದ್ದ ಬಾಟಲಿಯಲ್ಲಿ ಒಂದು ಲೋಟದಷ್ಟು ನೀರಿತ್ತು, ಕಣ್ಣಿಗೇ ಸಾಲಲಿಲ್ಲ. ನಾನು ಹೊರಗೆ ಓಡಿದೆ. ತಂಗಿಯ ಗಂಡ ಮನೆಯ ಮಾಲೀಕನಿಗೆ ಫೋನ್ ಮಾಡುತ್ತಿದ್ದ. ಅಂದ ಕೆಡುತ್ತದೆಂದು ಮೇಲೆ ಟ್ಯಾಂಕೇ ಇಟ್ಟಿಲ್ಲವಂತೆ. ನೀರೆಲ್ಲ ನೆಲದೊಳಗಿನ ಸಂಪಿನಲ್ಲಿ, ಪಂಪು ಓಡಿದರಷ್ಟೇ ನಲ್ಲಿಗೆ. ಸಂಪಿನ ಮುಚ್ಚಳವಿದ್ದ ಕೋಣೆಗೆ ಬೀಗ, ಬೀಗದ ಕೈ ಮಾಲೀಕನ ಹತ್ತಿರ. ಜನರೇಟರ್ ಇತ್ತು, ಅದನ್ನು ಚಾಲೂ ಮಾಡುವ ಬ್ಯಾಟರಿ ಸತ್ತಿತ್ತು. ಗೇಟು ಅಲುಗಾಡಲಿಲ್ಲ.

"ಈಜುಕೊಳದ ನೀರು ತರ್ಲೇನಕ್ಕಾ?" ಎಂದ. ನೋಡಿದೆ. ಔಷಧಿಯ ನಾತ, ಮೇಲೆ ತೇಲುವ ಯಾರದೋ ಕೂದಲು. ಬೇಡವೆಂದೆ.

ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಒಂದು ದನಿ ಬಂತು. "ಏನಾಯ್ತ್ರೀ ಅಮ್ಮಾರೇ?" ನಾವಿದ್ದ ಮನೆಯ ಕಸ ಗುಡಿಸಲು ಬರುವ ಹೆಂಗಸು. ಗೋಡೆಗೆ ಅಂಟಿಕೊಂಡೇ ಅವಳ ಎರಡು ಅಂಕಣದ ಮನೆ. ವಿಷಯ ಹೇಳಿದೆ.

"ನಮ್ಮ ಹಂಡ್ಯಾಗೆ ಬಿಸ್ನೀರು ಐತ್ರೀ. ನೀವು ಆ ಕಡೆ ಏನಾರ ಹಾಕ್ಕೊಂಡು ಹತ್ತ್ರಿ."

ಊಟದ ಮೇಜಿನ ಕುರ್ಚಿ ತಂದು, ಅದರ ಬಿಳಿ ಮೆತ್ತೆಯ ಮೇಲೆ ಎಣ್ಣೆಗಾಲಲ್ಲೇ ಹತ್ತಿ ನಿಂತೆ. ಅವಳು ಕೊಡ ಎತ್ತಿಕೊಟ್ಟಳು, ನಾನು ಹಿಡಿದು ಇಳಿಸಿದೆ, ತಂಗಿಯ ಗಂಡ ಹೊತ್ತು ಬಚ್ಚಲ ಬಾಗಿಲಿಗೆ ಮುಟ್ಟಿಸಿದ. ತಂಗಿ ಅಡುಗೆಮನೆಯ ಪಾತ್ರೆಯಲ್ಲಿ ಮೊಗೆದು ಮೊಗೆದು ಹಾಕಿದಳು. ಮೂರು ಕೊಡಕ್ಕೆ ಅವ್ವನ ತಲೆ ತೊಳೆದು ಮುಗಿಯಿತು. ಹೊರಗೆ ಬಂದಾಗ ಅವಳ ಕಣ್ಣು ಕೆಂಡದ ಹಾಗಿತ್ತು.

ಕೊಡ ಮರಳಿಸುವಾಗ ಆ ಹೆಂಗಸಿಗೆ, "ನೀವೇ ಪುಣ್ಯವಂತರು ಕಣಮ್ಮಾ, ಕರೆಂಟಿನ ಹಂಗಿಲ್ಲ," ಎಂದೆ.

ಅವಳಿಗೆ ಅದು ಹಿಡಿಸಲಿಲ್ಲ. "ಹಂಗನ್ಬ್ಯಾಡ್ರೀ. ಒಲೆ ಊದಿ ಊದಿ ನಮ್ಮ ಕಣ್ಣು ದಿನಾ ಹಿಂಗೇ ಉರೀತಾವೆ. ನಮಗೇನು ಸ್ವಿಚ್ ಒತ್ತಾಕೆ ಬರಲ್ಲ ಅಂದ್ಕೊಂಡ್ರಾ?"

ನಾಚಿಕೆಯಾಯಿತು.

ಮಧ್ಯಾಹ್ನದ ಹೊತ್ತಿಗೆ ಮನೆ ನಾರತೊಡಗಿತು. ಕಕ್ಕಸಿಗೆ ನೀರಿಲ್ಲ. ಬಿಸಿಯಾದ ಫ್ರಿಜ್ಜಿನಿಂದ ಹಳಸಿದ ಸಾರಿನ ವಾಸನೆ. ತೆರೆಯಲು ಬಾರದ ದೊಡ್ಡ ದೊಡ್ಡ ಗಾಜುಗಳು. ನಾವು ನಾಲ್ವರೂ ಮೆಟ್ಟಿಲ ಮೇಲೆ ಕೂತು, ಬುತ್ತಿಯಲ್ಲಿ ಉಳಿದಿದ್ದ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಎರಡು ಗಂಟೆಗೆ ಕರೆಂಟ್ ಬಂತು. ಒಂದೇ ಉಸಿರಿಗೆ ಒಂಬತ್ತು ಏಸಿ, ಹತ್ತು ಫ್ರಿಜ್ಜು, ಹಾಡುಹಗಲಲ್ಲಿ ತೋಟದ ದೀಪಗಳು, ಕಾರಂಜಿ. ಏನೂ ನಡೆದೇ ಇಲ್ಲವೆಂಬಂತೆ. ಗೇಟು ತೆರೆಯುತ್ತದೆಯೆಂದು ಖಾತ್ರಿಯಾದ ತಕ್ಷಣ ಚೀಲ ಕಟ್ಟಿದೆವು. ಇನ್ನೂ ಒಂದು ರಾತ್ರಿ ಬಾಕಿ ಇತ್ತು.

ಹೊನ್ನಾಳಿಯ ನಮ್ಮ ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ನನ್ನ ಕೈ ಗೀಜರ್ ಸ್ವಿಚ್ಚಿಗೆ ಹೋಗಿತ್ತು. ಅವ್ವ ಅದನ್ನು ನೋಡಿದಳು.

"ಗೀಜರ್ ಹಾಕ್ಕೋ, ನಾನೇನು ಬ್ಯಾಡ ಅನ್ನಲ್ಲ," ಎಂದಳು. "ಮೊದ್ಲು ಎರಡು ಬಕೆಟ್ ತುಂಬಿಸಿಡು. ತುಂಬಿದ್ಮ್ಯಾಲೆ ನನ್ನ ಕರಿ."

ಈಗಲೂ ಬಕೆಟ್ಟಿನೊಳಗೆ ಕೈ ಅದ್ದಿ ನೋಡದೆ ಅವಳು ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುವುದಿಲ್ಲ.